ಬೋಗುಣಿಯಲ್ಲಿ ಬಿತ್ತಿದ ಈಜು

ಪಕ್ಕದ ಮನೆಯ ವಾಸಂತಿಯವರು ಯಾವುದೋ ಕಠಿಣ ವ್ರತ ಹಿಡಿದಿದ್ದಾರೆ ಎಂದು ನಾನು ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ತೊಂದರೆ ಇರಲಿಲ್ಲ. ಅದರ ಮೇಲೆ ಒಂದು ಲೇಖನವನ್ನೂ ಬರೆದುಬಿಟ್ಟೆ.

ಅದು 2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ನಾಲ್ಕು ವಾರ ಆಗಿತ್ತು. ಮಲೇಷ್ಯಾದ ಪುಚೊಂಗಿನಲ್ಲಿ ನಮ್ಮ ಕಾಂಡೋದ, ಎಂದರೆ ಅಪಾರ್ಟ್‌ಮೆಂಟಿನ, ಒಂಬತ್ತನೇ ಮಹಡಿಯಲ್ಲಿ ಅವರ ಮನೆಯೂ ನಮ್ಮ ಮನೆಯೂ ಅಕ್ಕಪಕ್ಕ. ಸಾಮಾನು ತರಲು ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದಿತ್ತು. ನಮ್ಮ ಮನೆಯಲ್ಲಿ ಆ ಒಬ್ಬರು ನನ್ನ ಹೆಂಡತಿ ಸೀತಾಲಕ್ಷ್ಮಿ, ಏಕೆಂದರೆ ನಾನು ಕೊತ್ತಂಬರಿ ಸೊಪ್ಪೆಂದು ಏನೇನನ್ನೋ ತಂದು ಅನರ್ಹನಾಗಿದ್ದೆ. ಹೀಗಾಗಿ ನನ್ನ ಪಾಲಿಗೆ ಉಳಿದ ಹೊರಪ್ರಪಂಚವೆಂದರೆ ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಪುಟ್ಟ ಜಾಗ. ಅಲ್ಲಿ ನಿಂತರೆ ಪಕ್ಕದ ಮನೆಯ ಅಂಥದೇ ಜಾಗ ಕಾಣುತ್ತದೆ. ಅಲ್ಲಿ ದಿನವೂ ಬೆಳಿಗ್ಗೆ ಏಳಕ್ಕೆ ವಾಸಂತಿಯವರು ವಾಷಿಂಗ್ ಮೆಷಿನ್ನಿನ ಮೇಲೆ ನೀರು ತುಂಬಿದ ಬೋಗುಣಿ ಇಟ್ಟು, ಕಣ್ಮುಚ್ಚಿ, ಒಮ್ಮೆ ಉಸಿರೆಳೆದು, ಇಡೀ ಮುಖವನ್ನು ಅದರೊಳಗೆ ಅದ್ದುತ್ತಿದ್ದರು. ಗುಳುಗುಳು ಸದ್ದು. ಆಮೇಲೆ ಮುಖ ಎತ್ತಿ, ಏನೋ ಸಂಖ್ಯೆ ಹೇಳಿ, ಮತ್ತೆ ಅದ್ದುತ್ತಿದ್ದರು. ಹೀಗೆ ಇಪ್ಪತ್ತೊಂದು ಸಲ. ಇಪ್ಪತ್ತೊಂದು ಎಂದರೆ ವ್ರತವಲ್ಲದೆ ಇನ್ನೇನು?

ನಮ್ಮ ಕನ್ನಡ ಬಳಗದ ವಾಟ್ಸಾಪ್ ಪತ್ರಿಕೆಗೆ ಪ್ರತಿ ತಿಂಗಳು ಒಂದು ಪುಟ ತುಂಬಿಸಿಕೊಡುವುದು ನನ್ನ ಕೆಲಸ. ಆ ತಿಂಗಳು ವಿಷಯ ಇರಲಿಲ್ಲ. 'ದಕ್ಷಿಣ ಕನ್ನಡದ ಜಲಮುಖ ವ್ರತ' ಎಂಬ ಶೀರ್ಷಿಕೆಯಲ್ಲಿ, ಪಂಚಭೂತಗಳಲ್ಲಿ ನೀರಿನ ಸ್ಥಾನದಿಂದ ಹಿಡಿದು ಉಸಿರಿನ ಮಹತ್ವದವರೆಗೆ ನಾಲ್ಕು ಪ್ಯಾರಾ ಬರೆದೆ. ಹೆಸರು ಹಾಕದೆ 'ನಮ್ಮ ನೆರೆಯ ಸಾಧ್ವಿಯೊಬ್ಬರು' ಎಂದೆ. ಪೆಟಾಲಿಂಗ್ ಜಯಾದ ಇಬ್ಬರು ಹೆಂಗಸರು ಮರುದಿನದಿಂದಲೇ ಆ ವ್ರತ ಆರಂಭಿಸಿದರು ಎಂದು ಆಮೇಲೆ ಗೊತ್ತಾಯಿತು.

ಎರಡನೇ ದಿನ ಬಾಗಿಲು ಬಡಿದ ಸದ್ದು. ತೆರೆದರೆ ವಾಸಂತಿಯವರು ಮಾಸ್ಕ್ ಹಾಕಿಕೊಂಡು, ಕಾರಿಡಾರಿನ ಆಚೆ ಗೋಡೆಗೆ ಒರಗಿ, ನಿಯಮದ ದೂರಕ್ಕಿಂತ ಎರಡಡಿ ಹೆಚ್ಚೇ ದೂರದಲ್ಲಿ ನಿಂತಿದ್ದರು. ಕೈಯಲ್ಲಿ ಫೋನು.

"ಎಂತ ನರಸಿಂಹರೇ, ನನಗೆ ವ್ರತ ಉಂಟಂತೆ? ನನಗೇ ಗೊತ್ತಿಲ್ಲ ಮಾರಾಯ್ರೆ!"

"ಅಲ್ಲ ವಾಸಂತಿಯವರೇ, ದಿನಾ ಬೆಳಿಗ್ಗೆ ನೀವು..."

"ನಾನು ಈಜು ಕಲಿಯುದು."

"ಬೋಗುಣಿಯಲ್ಲಾ?"

"ಮತ್ತೆ? ಪೂಲಿಗೆ ಟೇಪು ಸುತ್ತಿದ್ದಾರಲ್ಲ. ಉಸಿರು ಬಿಡುದಾದ್ರೂ ಕಲಿಯುವಾ ಅಂತ."

ನಾನು ಸೋಲೊಪ್ಪಲಿಲ್ಲ. "ನಿಮ್ಮ ಕಡೆಯವರಿಗೆ ಈಜು ಕಲಿಸಬೇಕಾ? ಕಡಲಲ್ಲೇ ಹುಟ್ಟಿ ಬೆಳೆದವರಲ್ವಾ ನೀವೆಲ್ಲ?"

"ಪುತ್ತೂರಿನಿಂದ ಕಡಲು ಎಷ್ಟು ದೂರ ಗೊತ್ತುಂಟಾ ನಿಮಗೆ? ನಾನು ಕಡಲು ಮೊದಲು ನೋಡಿದ್ದೇ ಹೈಸ್ಕೂಲ್ ಟೂರಿನಲ್ಲಿ. ಆಗಲೂ ಮಾಷ್ಟ್ರು ಹುಡುಗಿಯರನ್ನು ನೀರಿಗೆ ಬಿಡ್ಲಿಲ್ಲ. ನೀವು ಬೆಂಗಳೂರಿನವರೆಲ್ಲ ವಿಧಾನಸೌಧದ ಒಳಗೆ ಹುಟ್ಟಿದ್ದಾ?"

ಒಳಗಿನಿಂದ ಸೀತಾಲಕ್ಷ್ಮಿ ನಕ್ಕಿದ್ದು ಕೇಳಿಸಿತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆ. ತಿದ್ದುಪಡಿಗಳನ್ನು ಯಾರೂ ಓದುವುದಿಲ್ಲವಾದ್ದರಿಂದ ಆ ಇಬ್ಬರು ಹೆಂಗಸರ ವ್ರತ ಜೂನ್ ತನಕ ನಡೆಯಿತು.

ವಾಸಂತಿಯವರು ಆಗ ಐವತ್ತೊಂದರ ಹೆಂಗಸು. ಮನೆಯಲ್ಲೇ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದರು. ಗಂಡ ಜಯಕರರು ಪೆಟಾಲಿಂಗ್ ಜಯಾದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವರು. ಮಗಳು ಧೃತಿ ಸುಬಾಂಗ್ ಜಯಾದಲ್ಲಿ ಕಾಲೇಜು ಓದುತ್ತಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅವರು ಈ ದೇಶಕ್ಕೆ ಬಂದ ವರ್ಷದಿಂದ ಆ ಮನೆಗೊಂದು ಪದ್ಧತಿ: ಡಿಸೆಂಬರ್ ರಜೆಯಲ್ಲಿ ಒಂದು ದಿನ ಬೆಳಿಗ್ಗೆ ಐದಕ್ಕೆ ಎದ್ದು, ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಪಕ್ಕದ ರಾಜ್ಯದ ಪೋರ್ಟ್ ಡಿಕ್ಸನ್ನಿನ ಕಡಲತೀರಕ್ಕೆ ಹೋಗುವುದು. ಅಪ್ಪ, ಮಗಳು, ಜೊತೆಗೆ ಬಂದ ಯಾರಿದ್ದರೂ ಸಂಜೆ ತನಕ ನೀರಿನಲ್ಲಿ. ವಾಸಂತಿಯವರು ಮರದ ಕೆಳಗೆ ಚಾಪೆಯ ಮೇಲೆ, ಎಲ್ಲರ ಚಪ್ಪಲಿ, ಫೋನು, ಕಾರಿನ ಕೀ, ಡಬ್ಬಿಗಳ ನಡುವೆ. ಕಾಗೆ ಬಂದರೆ ಓಡಿಸಬೇಕು, ಮಂಗ ಬಂದರೆ ಚಿತ್ರಾನ್ನದ ಮೇಲೆ ಕೂತೇಬಿಡಬೇಕು. ನಡುವೆ ಯಾರಾದರೂ "ಅಮ್ಮಾ, ಫೋಟೋ!" ಎಂದರೆ ಫೋಟೋ.

ಲಾಕ್‌ಡೌನಿನ ಮೊದಲ ವಾರ, ಮಾಡಲು ಕೆಲಸವಿಲ್ಲದೆ, ಆ ಎಲ್ಲ ಫೋಟೋಗಳನ್ನು ವರ್ಷದ ಪ್ರಕಾರ ಜೋಡಿಸಲು ಅವರು ಕೂತರು. ಹದಿನೇಳು ಡಿಸೆಂಬರುಗಳು. ಇಡೀ ರಾಶಿಯಲ್ಲಿ ಅವರು ಇದ್ದದ್ದು ಒಂದೇ ಫೋಟೋದಲ್ಲಿ, ಅದರಲ್ಲೂ ಮೊಣಕೈ ಮಾತ್ರ. ಅದು ತನ್ನದೇ ಮೊಣಕೈ ಎಂದು ಗುರುತು ಸಿಕ್ಕಿದ್ದು ಬಳೆಯಿಂದ.

"ಬೇಜಾರಾಯ್ತಾ?" ಎಂದು ಸೀತಾಲಕ್ಷ್ಮಿ ಕೇಳಿದ್ದಳಂತೆ.

"ಬೇಜಾರು ಎಂತದ್ದು? ಚಪ್ಪಲಿ ಯಾರಾದ್ರೂ ಕಾಯ್ಬೇಕಲ್ಲ. ಆದ್ರೆ ಹದಿನೇಳು ವರ್ಷ ಒಬ್ಬಳೇ ಯಾಕೆ ಅಂತ ಲೆಕ್ಕ ಸಿಗ್ಲಿಲ್ಲ."

ಲೆಕ್ಕ ಸಿಗದಿದ್ದರೆ ಬಿಡುವವರಲ್ಲ ಅವರು. ಆ ವರ್ಷದ ಬಿಸು ಹಬ್ಬಕ್ಕೆ, ಎಂದರೆ ಏಪ್ರಿಲ್ ಹದಿನಾಲ್ಕಕ್ಕೆ, ಕಣಿಯಲ್ಲಿ ಧೃತಿಯ ಹಳೆಯ ಈಜುಗನ್ನಡಕ ಇಟ್ಟರು.

ಕಣಿಯ ವಿಷಯ ಹೇಳಬೇಕು. ತುಳುನಾಡಿನವರ ಹೊಸ ವರ್ಷ ಬಿಸು. ಹಿಂದಿನ ರಾತ್ರಿಯೇ ದೇವರ ಮುಂದೆ ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹಣ್ಣು, ಚಿನ್ನ, ಒಂದು ಕನ್ನಡಿ ಜೋಡಿಸಿಟ್ಟು, ಬೆಳಿಗ್ಗೆ ಕಣ್ಣು ತೆರೆದ ಕೂಡಲೇ ಅದನ್ನು ನೋಡುತ್ತಾರೆ. ಅದೇ ದಿನ ವಾಸಂತಿಯವರ ತಂದೆ ಗದ್ದೆಗಿಳಿದು ಒಂದು ಹಿಡಿ ಭತ್ತ ಎರಚಿ ಬರುತ್ತಿದ್ದರಂತೆ. ಕೈಬಿತ್ತು ಹಾಕುವುದು ಎನ್ನುತ್ತಾರೆ. ಮಳೆ ಬರಲು ಇನ್ನೂ ಎರಡು ತಿಂಗಳಿರಲಿ, ಗದ್ದೆ ಒಣಗಿ ಬಿರುಕು ಬಿಟ್ಟಿರಲಿ, ಆ ಒಂದು ಹಿಡಿ ಆ ದಿನವೇ ಬೀಳಬೇಕು. ವರ್ಷದ ಕೆಲಸ ಶುರುವಾಯಿತು ಎಂದು ಲೆಕ್ಕ.

ಒಂಬತ್ತನೇ ಮಹಡಿಯಲ್ಲಿ ಗದ್ದೆಯಿಲ್ಲ. ಅದಕ್ಕೆ ವಾಸಂತಿಯವರು ಮನೆಗೆ ತಕ್ಕ ಕಾನೂನು ಮಾಡಿದ್ದರು. ಈ ವರ್ಷ ಏನು ಮಾಡಬೇಕೆಂದಿದ್ದೀರೋ ಅದರ ಒಂದು ವಸ್ತುವನ್ನು ಕಣಿಯಲ್ಲಿಡಬೇಕು, ಮತ್ತು ಮಧ್ಯಾಹ್ನದ ಪಾಯಸಕ್ಕೆ ಮೊದಲು ಆ ಕೆಲಸದ ಒಂದು ಹಿಡಿಯನ್ನು ಮಾಡಿ ಮುಗಿಸಿರಬೇಕು. ಮಾಡದವರಿಗೆ ಪಾಯಸ ಇಲ್ಲ. ಜಯಕರರು ಪ್ರತಿವರ್ಷ ಬಚ್ಚಲಿನ ಸೋರುವ ನಲ್ಲಿಯ ವಾಷರ್ ಇಡುತ್ತಾರೆ, ಊಟಕ್ಕೆ ಮೊದಲು ಸ್ಪ್ಯಾನರ್ ಹಿಡಿದು ಒಂದು ಸುತ್ತು ತಿರುಗಿಸುತ್ತಾರೆ, ಪಾಯಸ ತಿನ್ನುತ್ತಾರೆ. ನಲ್ಲಿ ಇನ್ನೂ ಸೋರುತ್ತಿದೆ.

ಪೂಲಿಗೆ ಬೀಗ ಬಿದ್ದ ವರ್ಷದಲ್ಲಿ ಈಜಿನ ಒಂದು ಹಿಡಿಯನ್ನು ಎಲ್ಲಿ ಬಿತ್ತುವುದು? ಬೋಗುಣಿಯಲ್ಲಿ. ಹಾಗೆ ಶುರುವಾದದ್ದು ನನ್ನ ಜಲಮುಖ ವ್ರತ.

ಗುರಿ ಇಟ್ಟುಕೊಳ್ಳುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ. ಆಫೀಸಿನಲ್ಲಿ ನಲವತ್ತು ಜನರಿಗೆ ವಾರ್ಷಿಕ ಗುರಿ ನಿಗದಿ ಮಾಡಿಕೊಡುವುದೇ ನನ್ನ ಉದ್ಯೋಗ. ಜನವರಿ ಒಂದಕ್ಕೆ ನನ್ನದೇ ಹನ್ನೆರಡು ಗುರಿಗಳನ್ನು ಬಣ್ಣದ ಚಾರ್ಟಿನಲ್ಲಿ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಫ್ರಿಜ್ಜಿನ ಮೇಲೆ ಅಂಟಿಸಿ, ಬಳಗದ ಗುಂಪಿನಲ್ಲಿ ಫೋಟೋ ಹಾಕುತ್ತೇನೆ. ಮೊದಲನೆಯದು ಯಾವಾಗಲೂ ಹಾಫ್ ಮ್ಯಾರಥಾನ್. ಅದು ಕೈಕೊಟ್ಟರೂ ಚಿಂತೆಯಿಲ್ಲ, ಈ ದೇಶದಲ್ಲಿ ಹೊಸ ವರ್ಷಗಳಿಗೆ ಬರವಿಲ್ಲ. ಜನವರಿಯದು ಹೋದರೆ ಚೀನೀಯರದು, ಅದು ಹೋದರೆ ಯುಗಾದಿ, ಆಮೇಲೆ ತಮಿಳರದು, ಕೊನೆಗೆ ಮಲಯ್ ಜನರ ಅವಲ್ ಮುಹರ್ರಂ. ಅಷ್ಟಕ್ಕೂ ಸರ್ಕಾರವೋ ಕಂಪನಿಯೋ ರಜೆ ಕೊಡುತ್ತದೆ, ನಾನು ಅಷ್ಟರಲ್ಲೂ ಸಂಕಲ್ಪ ಮಾಡಿ ಮಲಗುತ್ತೇನೆ.

ಜುಲೈಯಲ್ಲಿ ಪೂಲು ತೆರೆಯಿತು. ಹೆಸರು ಬರೆಸಿ, ಜ್ವರ ಅಳೆಸಿಕೊಂಡು, ನಾಲ್ಕು ನಾಲ್ಕು ಜನ ಇಳಿಯಬೇಕು, ಮುಕ್ಕಾಲು ಗಂಟೆ. ವಾಸಂತಿಯವರು ಮಲಯ್ ಹೆಂಗಸರು ತೊಡುವ, ಕತ್ತಿನಿಂದ ಹಿಮ್ಮಡಿವರೆಗೆ ಮುಚ್ಚುವ ಈಜುಡುಗೆ ತರಿಸಿಕೊಂಡರು. ನೇರಳೆ ಬಣ್ಣ. ಧೃತಿ ಗುರು. ವಿಚಿತ್ರವೆಂದರೆ, ಪಾಠವೆಲ್ಲ ಶಿಷ್ಯೆಗೆ ಮೊದಲೇ ಬಾಯಿಪಾಠ. ಧೃತಿ ಚಿಕ್ಕವಳಿದ್ದಾಗ ಆರು ವರ್ಷ ವಾರಕ್ಕೆರಡು ದಿನ ಟವೆಲ್ ಹಿಡಿದು ಪೂಲಿನ ಪಕ್ಕ ನಿಂತವರು ಅವರು. ಕೋಚ್ ಕೂಗಿದ್ದೆಲ್ಲ ಅವರ ಕಿವಿಯಲ್ಲಿತ್ತು. ಕಿವಿಯಲ್ಲಿದ್ದದ್ದು ಕೈಗೆ ಮಾತ್ರ ಇಳಿಯಲಿಲ್ಲ. ಎರಡೂ ಕೈ ಗೋಡೆಯ ಕಂಬಿಯನ್ನು ಹಿಡಿದಿದ್ದವು.

"ಅಮ್ಮಾ, ಜಸ್ಟ್ ಲೆಟ್ ಗೋ ಲಾ!" ಎಂದು ಧೃತಿ, ಮಾತಿನ ಕೊನೆಗೆ ಈ ದೇಶದ 'ಲಾ' ಸೇರಿಸಿ.

"ನೀನು ಆರು ವರ್ಷದವಳಿದ್ದಾಗ ಬಿಡು ಅಂದ್ರೆ ಬಿಟ್ಟಿದ್ಯಾ? ನನ್ನ ಕಾಲು ಹಿಡ್ಕೊಂಡು ನೇತಾಡಿದ್ದಿ. ಸುಮ್ಮನಿರು."

"ಐ ವಾಸ್ ಸಿಕ್ಸ್!"

"ನಾನು ಐವತ್ತೊಂದು. ಭಾರ ಜಾಸ್ತಿ ಉಂಟು, ಹೆದರಿಕೆಯೂ ಜಾಸ್ತಿ ಇರ್ತದೆ."

ಅಕ್ಟೋಬರಿನಲ್ಲಿ ಪೂಲು ಮತ್ತೆ ಮುಚ್ಚುವ ತನಕ ಅವರು ಕಂಬಿ ಬಿಡಲಿಲ್ಲ. ಆ ಡಿಸೆಂಬರು ಯಾರೂ ಕಡಲಿಗೆ ಹೋಗಲಿಲ್ಲ. ಬೋಗುಣಿ ಮತ್ತೆ ವಾಷಿಂಗ್ ಮೆಷಿನ್ನಿನ ಮೇಲೆ ಬಂತು.

2021ರ ಬಿಸುವಿಗೆ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ನಮ್ಮ ಯುಗಾದಿ ಹಿಂದಿನ ದಿನವಷ್ಟೇ ಮುಗಿದಿತ್ತು, ಬಾಯಲ್ಲಿ ಬೇವಿನ ಕಹಿ ಇನ್ನೂ ಇತ್ತು. ಕಣಿಯಲ್ಲಿಡಲು ನಾನು ಹೊಸ ಓಟದ ಶೂ ತಂದೆ. ವಾಸಂತಿಯವರು ಹೌಹಾರಿದರು.

"ಶೂ ಎಲ್ಲ ದೇವರೆದುರು ಇಡ್ಲಿಕ್ಕಾಗ್ತದಾ ನರಸಿಂಹರೇ? ಲೇಸ್ ಬಿಚ್ಚಿ ಕೊಡಿ."

ಲೇಸು ಸೌತೆಕಾಯಿಯ ಪಕ್ಕ ಕೂತಿತು. ಅದರ ಪಕ್ಕದಲ್ಲೇ ಅದೇ ಈಜುಗನ್ನಡಕ.

"ಇದು ಹೋದ ವರ್ಷದ್ದಲ್ವಾ?" ಎಂದೆ, ಗುರಿ ನಿಗದಿ ಮಾಡುವವನ ದನಿಯಲ್ಲಿ. "ಗುರಿ ಪ್ರತಿ ವರ್ಷ ಹೊಸದಿರಬೇಕು, ಸ್ವಲ್ಪ ದೊಡ್ಡದಿರಬೇಕು."

"ಅಪ್ಪ ಪ್ರತಿವರ್ಷ ಅದೇ ಗದ್ದೆಗೆ ಅಲ್ವಾ ಬಿತ್ತಿದ್ದು? ವರ್ಷಕ್ಕೊಂದು ಹೊಸ ಗದ್ದೆ ಎಲ್ಲಿಂದ ತರುದು ಮಾರಾಯ್ರೆ? ಈಗ ನೀವು ಓಡಿ. ಪಾಯಸಕ್ಕೆ ಅರ್ಧ ಗಂಟೆ ಉಂಟು."

ಲೇಸಿಲ್ಲದ ಶೂ ಹಾಕಿಕೊಂಡು ಕೆಳಗಿಳಿದು ಕಾಂಡೋದ ಸುತ್ತ ಓಡಿದೆ. ರಂಜಾನ್ ಉಪವಾಸದ ಎರಡನೇ ದಿನದಲ್ಲಿದ್ದ ಗಾರ್ಡು ನನ್ನನ್ನು ನೋಡಿ, ತನಗಿಂತ ನನಗೇ ಹೆಚ್ಚು ಬಾಯಾರಿದೆ ಎಂದು ತಿಳಿದು ಕುರ್ಚಿ ಎಳೆದು ಕೊಟ್ಟ. ಆರುನೂರು ಮೀಟರು. ಪಾಯಸ ಸಿಕ್ಕಿತು. ನನ್ನ ಹಾಫ್ ಮ್ಯಾರಥಾನಿನ ಒಟ್ಟು ಉದ್ದ ಇವತ್ತಿಗೂ ಅಷ್ಟೇ.

ಜೂನಿನಲ್ಲಿ ಮತ್ತೆ ಎಲ್ಲ ಮುಚ್ಚಿತು. ಅದೇ ತಿಂಗಳು ಜಯಕರರಿಗೆ ಪತ್ರ ಬಂತು: ಕಾರ್ಖಾನೆ ಅವರ ವಿಭಾಗವನ್ನು ಚೆನ್ನೈಗೆ ಸಾಗಿಸುತ್ತಿದೆ, ಬರುವ ಜನವರಿಯಿಂದ ಕೆಲಸ ಅಲ್ಲಿ. ಧೃತಿ ಓದು ಮುಗಿಯುವ ತನಕ ಹಾಸ್ಟೆಲ್ಲಿನಲ್ಲಿರುವುದು. ಎಂದರೆ, ಪೋರ್ಟ್ ಡಿಕ್ಸನ್ನಿಗೆ ಹೋಗುವುದಾದರೆ ಈ ಡಿಸೆಂಬರ್ ಒಂದೇ ಬಾಕಿ.

ಈ ಸುದ್ದಿಯನ್ನು ಅವರು ಕಾರಿಡಾರಿನಲ್ಲಿ ಹೇಳಿದಾಗ ನಾವು ಅಯ್ಯೋ ಎಂದೆವು. ಅವರು ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದರು. "ಆರು ತಿಂಗಳು ಉಂಟು. ಪೂಲು ಯಾವಾಗ ತೆಗೀತಾರಂತೆ?" ಎಂದಷ್ಟೇ ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ. ಕಾಂಡೋದ ಆಡಳಿತ ಕಚೇರಿಗೆ ದಿನಾ ಫೋನು ಮಾಡಿದರು. ಅಲ್ಲಿನ ಹುಡುಗಿ ಮೊದಲ ತಿಂಗಳು "ಸಾರಿ ಆಂಟಿ" ಎನ್ನುತ್ತಿದ್ದಳು, ಎರಡನೇ ತಿಂಗಳು "ನಾಟ್ ಯೆಟ್ ಆಂಟಿ, ಊಟ ಆಯ್ತಾ?" ಎಂದು ಅವರೇ ಕಲಿಸಿಕೊಟ್ಟ ಕನ್ನಡದಲ್ಲಿ ವಿಚಾರಿಸುತ್ತಿದ್ದಳು. ಬೋಗುಣಿಯೊಳಗಿನ ಉಸಿರು ನಲವತ್ತೆರಡು ಎಣಿಕೆಗೆ ಮುಟ್ಟಿತು. ನಾನು ನನ್ನ ಜಾಗದಲ್ಲಿ ನಿಂತು ಅವರ ಜೊತೆ ಎಣಿಸಿ ನೋಡಿದೆ, ನೀರಿಲ್ಲದೆಯೇ. ಇಪ್ಪತ್ತಾರಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಸೀತಾಲಕ್ಷ್ಮಿ ನನ್ನನ್ನು ಎರಡು ದಿನ ಬೇರೆ ಕೋಣೆಗೆ ಹಾಕಿದಳು.

ಅಕ್ಟೋಬರಿನಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗಬಹುದೆಂದು ಸರ್ಕಾರ ಹೇಳಿತು. ಪೂಲೂ ತೆರೆಯಿತು. ನವೆಂಬರ್ ಮೂರನೇ ವಾರದ ಒಂದು ಬೆಳಿಗ್ಗೆ ವಾಸಂತಿಯವರು ಕಂಬಿ ಬಿಟ್ಟರು. ಯಾರೂ ಬಿಡು ಎಂದಿರಲಿಲ್ಲ. ಧೃತಿ ಆಚೆ ತಿರುಗಿ ಫೋನಿನಲ್ಲಿ ಮಾತಾಡುತ್ತಿದ್ದಳು. ಅವಳು ಇತ್ತ ತಿರುಗುವಾಗ ಅಮ್ಮ ಇದ್ದಲ್ಲಿ ಇರಲಿಲ್ಲ. ನೇರಳೆ ಬಣ್ಣದ್ದೇನೋ ನೀರಿನ ಮೇಲೆ ನಾಲ್ಕಡಿ ಮುಂದೆ ಹೋಗುತ್ತಿತ್ತು. ಅವಳು ಚೀರಿದ್ದು ಒಂಬತ್ತನೇ ಮಹಡಿಗೆ ಕೇಳಿಸಿತು. ಡಿಸೆಂಬರ್ ಮೊದಲ ವಾರಕ್ಕೆ ಪೂಲಿನ ಅಡ್ಡಗಲ ದಾಟಿದರು, ಮುಳುಗುವವರಂತೆ ಕಂಡರೂ ಮುಳುಗದೆ.

ಹತ್ತೊಂಬತ್ತನೇ ತಾರೀಖು, ಭಾನುವಾರ, ಹೊರಡುವುದೆಂದು ನಿಶ್ಚಯವಾಯಿತು. ಈ ಸಲ ನಮಗೂ ಕರೆ. ಆದರೆ ಶುಕ್ರವಾರ ಶುರುವಾದ ಮಳೆ ಶನಿವಾರವೂ ನಿಲ್ಲಲಿಲ್ಲ. ಭಾನುವಾರದ ಹೊತ್ತಿಗೆ ನಮ್ಮ ಸೆಲಾಂಗೋರ್ ರಾಜ್ಯದ ಎಷ್ಟೋ ಕಡೆ ರಸ್ತೆಯೇ ಹೊಳೆ. ನಮ್ಮ ಕಾಂಡೋ ಎತ್ತರದಲ್ಲಿತ್ತು, ಕೆಳಗಿನ ಸಾಲುಮನೆಗಳಿಗೆ ಮೊಣಕಾಲುದ್ದ ನೀರು ನುಗ್ಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಮಾಡಿಟ್ಟ ಚಿತ್ರಾನ್ನ, ಮೊಸರನ್ನ ಅಷ್ಟೂ ಹತ್ತಿರದ ಶಾಲೆಯಲ್ಲಿ ಆಸರೆ ಪಡೆದವರಿಗೆ ಹೋಯಿತು. ವಾಸಂತಿಯವರು ಇನ್ನೂ ಎರಡು ಸಲ ಅನ್ನಕ್ಕಿಟ್ಟರು. ಜಯಕರರೂ ನಾನೂ ಹೊತ್ತು ಹಾಕಿದೆವು.

ಖಾಲಿ ಪಾತ್ರೆ ವಾಪಸು ಕೊಡಲು ಹೋದಾಗ ಅವರು ಕಿಟಕಿಯ ಬಳಿ ನಿಂತಿದ್ದರು. ಆ ಒಂದು ಸಲ ಮಾತ್ರ ಅವರ ದನಿ ಇಳಿದಿದ್ದು ಕೇಳಿದ್ದೇನೆ.

"ಜನವರಿ ಎಂಟಕ್ಕೆ ಟಿಕೆಟು. ಸಾಮಾನು ಕಟ್ಲಿಕ್ಕುಂಟು. ಇನ್ನು ಆಗ್ಲಿಕ್ಕಿಲ್ಲ ಕಾಣ್ತದೆ."

ಜಯಕರರು ನಲ್ಲಿಯ ವಾಷರ್ ವಿಷಯದಲ್ಲಿ ಹೇಗೇ ಇರಲಿ, ಆಗ ಒಂದು ಮಾತು ಹೇಳಿದರು. "ಸಾಮಾನು ನಾನು ಕಟ್ತೇನೆ. ನೀನು ಈಜುಡುಗೆ ಮಾತ್ರ ಹೊರಗೆ ಇಟ್ಕೋ."

ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಐದೂವರೆಗೆ ಹೊರಟೆವು. ಅದೇ ಕಡಲತೀರ, ಅದೇ ಮರ, ಅದೇ ಚಾಪೆ. ಕಾರಿನಿಂದ ಇಳಿದ ಕೂಡಲೇ ಹದಿನೇಳು ವರ್ಷದ ಅಭ್ಯಾಸ ಕೆಲಸ ಮಾಡಿತು. ಜಯಕರರು ಚಪ್ಪಲಿ ಕಳಚಿ, ಕೀಯನ್ನೂ ವಾಚನ್ನೂ ವಾಸಂತಿಯವರ ಕೈಗಿತ್ತರು. ಧೃತಿ ಫೋನು ಕೊಟ್ಟು ಓಡಿದಳು. ಸೀತಾಲಕ್ಷ್ಮಿ ಕೈಚೀಲ ಕೊಟ್ಟಳು. ನಾಚಿಕೆಯಿಂದ ಹೇಳುತ್ತೇನೆ, ನಾನೂ ಕನ್ನಡಕ ತೆಗೆದು ಅವರತ್ತ ಚಾಚಿದೆ. ನೇರಳೆ ಈಜುಡುಗೆ ತೊಟ್ಟು, ಹಣೆಯ ಮೇಲೆ ಈಜುಗನ್ನಡಕ ಏರಿಸಿಕೊಂಡಿದ್ದ ಹೆಂಗಸು ಎರಡೂ ಕೈ ತುಂಬ ನಮ್ಮೆಲ್ಲರ ಸೊತ್ತು ಹಿಡಿದು ಚಾಪೆಯ ಮೇಲೆ ನಿಂತಿದ್ದರು. ಕ್ಷಣಹೊತ್ತು ಕೂತೇಬಿಡುತ್ತಾರೇನೋ ಎನಿಸಿತು. ಮಂಡಿ ಬಾಗಿತ್ತು ಕೂಡ.

ಆಮೇಲೆ ನನ್ನ ಕಡೆ ತಿರುಗಿದರು.

"ನರಸಿಂಹರೇ, ನಿಮಗೆ ಈಜು ಬರ್ತದಾ?"

"ಇಲ್ಲ. ಆದರೆ ಜನವರಿಯಿಂದ ಶುರು ಮಾಡಬೇಕು ಅಂತ ಚಾರ್ಟಿನಲ್ಲಿ..."

"ಹಾಗಾದ್ರೆ ಕೂತ್ಕೊಳ್ಳಿ." ಎಲ್ಲವನ್ನೂ ನನ್ನ ಮಡಿಲಿಗೆ ಸುರಿದರು. "ಚಪ್ಪಲಿ ನಾಲ್ಕು ಜೊತೆ, ನಿಮ್ಮದು ಬಿಟ್ಟು. ಮಂಗ ಬಂದ್ರೆ ಡಬ್ಬಿ ಮೇಲೆ ಕೂತ್ಕೊಳ್ಳಿ. ಫೋಟೋ ತೆಗೀರಿ, ಬೆರಳು ಅಡ್ಡ ಬರಬಾರ್ದು."

ನೀರು ಸೊಂಟದ ತನಕ ಬರುವಲ್ಲಿ ನಿಂತರು. ಜಯಕರರು ಒಂದು ಕಡೆ, ಧೃತಿ ಹನ್ನೆರಡು ಮಾರು ಆಚೆ. ಸಣ್ಣ ಅಲೆಯೊಂದು ಬಂದು ಹೋಯಿತು. ಇನ್ನೊಂದು ಬಂದು ಹೋಯಿತು. ಮೂರನೆಯದಕ್ಕೆ ಮೊದಲು ಅವರು ಕಣ್ಮುಚ್ಚಿ, ಒಮ್ಮೆ ಉಸಿರೆಳೆದು, ಮುಖವನ್ನು ನೀರಿಗೆ ಅದ್ದಿದರು. ಎರಡು ವರ್ಷ ನಾನು ದಿನಾ ಬೆಳಿಗ್ಗೆ ಕಂಡ ಅದೇ ಭಂಗಿ. ಬೋಗುಣಿ ಮಾತ್ರ ದೊಡ್ಡದಾಗಿತ್ತು. ಕಾಲು ಬಡಿದರು. ದಡಕ್ಕೆ ಸಮಾನಾಂತರವಾಗಿ, ಅಷ್ಟೇನೂ ನೇರವಲ್ಲದ ಗೆರೆಯಲ್ಲಿ, ಧೃತಿಯ ಕಡೆಗೆ ಸಾಗಿದರು. ನಡುವೆ ಒಮ್ಮೆ ನಿಂತು ಕೆಮ್ಮಿದರು, ಜಯಕರರು ಮುಂದೆ ಬಂದಾಗ ಕೈಬೀಸಿ ಹಿಂದಟ್ಟಿ, ಮತ್ತೆ ಅದ್ದಿದರು. ಮುಟ್ಟಿದಾಗ ಧೃತಿ ಅಮ್ಮನನ್ನು ಎತ್ತಲು ಹೋಗಿ ಇಬ್ಬರೂ ಬಿದ್ದರು. ಜಯಕರರು ಅಲ್ಲೇ ನಿಂತು ಕಣ್ಣೊರೆಸಿಕೊಂಡರು. ಕಡಲಲ್ಲಿ ನಿಂತವರಿಗೆ ಅದೊಂದು ಅನುಕೂಲ, ಯಾರೂ ಏನೆಂದು ಕೇಳುವುದಿಲ್ಲ.

ನಾನು ನಲವತ್ಮೂರು ಫೋಟೋ ತೆಗೆದೆ. ಒಂಬತ್ತರಲ್ಲಿ ನನ್ನ ಬೆರಳಿದೆ. ಉಳಿದ ಮೂವತ್ತನಾಲ್ಕರಲ್ಲಿ ವಾಸಂತಿಯವರಿದ್ದಾರೆ, ಪೂರ್ತಿಯಾಗಿ. ಮಂಗ ಬಂದಿತ್ತು, ನಾನು ಡಬ್ಬಿಯ ಮೇಲೆ ಕೂತೆ, ಮೊಸರನ್ನ ಸ್ವಲ್ಪ ಚಪ್ಪಟೆಯಾಯಿತು.

ಮಧ್ಯಾಹ್ನ ಅವರು ನೀರು ಸುರಿಸುತ್ತ ಚಾಪೆಗೆ ಬಂದು ಮೊದಲು ಚಪ್ಪಲಿ ಎಣಿಸಿದರು. ನನಗೆ ಜನವರಿ ಸಂಚಿಕೆಗೆ ಪುಟ ತುಂಬಬೇಕಿತ್ತು. ಅದೂ ಹೊಸ ವರ್ಷದ ಸಂಚಿಕೆ. ಗಂಟಲು ಸರಿಮಾಡಿಕೊಂಡು, ಫೋನನ್ನು ಮೈಕಿನಂತೆ ಹಿಡಿದು ಕೇಳಿದೆ:

"ವಾಸಂತಿಯವರೇ, ಐವತ್ತೆರಡನೇ ವಯಸ್ಸಿನಲ್ಲಿ, ಹದಿನೇಳು ವರ್ಷ ದಡದಲ್ಲಿ ಕಾದ ಮೇಲೆ, ಕಡಲು ನಿಮ್ಮನ್ನು ಎತ್ತಿಕೊಂಡ ಆ ಪರಮ ಕ್ಷಣದಲ್ಲಿ ನಿಮ್ಮ ಅಂತರಂಗದಲ್ಲಿ ಮೂಡಿದ ಅನುಭೂತಿ ಯಾವುದು?"

ಅವರು ಒಂದು ಕಿವಿ ಕೆಳಗೆ ಮಾಡಿ ನೀರು ತಟ್ಟಿ ತೆಗೆಯುತ್ತಿದ್ದರು.

"ಮೂಗಿನೊಳಗೆ ಉಪ್ಪುನೀರು ಹೋಯ್ತು ಮಾರಾಯ್ರೆ. ಟವೆಲ್ ಕೊಡಿ, ನೀವು ಅದರ ಮೇಲೆ ಕೂತಿದ್ದೀರಿ."